ಮಾಡೆಲ್ ಚೆನ್ನಾಗಿದೆ, ಆದರೂ ಎಂಆರ್ (ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್, ಅಂದರೆ ಮಾಡೆಲ್ ಅನ್ನು ಕ್ರಿಸ್ಟಲ್‌ನ ಎಕ್ಸ್-ರೇ ಡೇಟಾಗೆ ಹೊಂದುವಂತೆ ಕೂರಿಸುವುದು) ಯಾಕೆ ಆಗುತ್ತಿಲ್ಲ?

ಪ್ರಶ್ನೆ: ಪ್ರೊಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಕೊಟ್ಟ ಮಾಡೆಲ್‌ನ ಸರಾಸರಿ ಪಿಎಲ್‌ಡಿಡಿಟಿ (ನೂರಕ್ಕೆ ಕೊಡುವ ನಂಬಿಕೆಯ ಅಂಕ) 90 ಇದೆ. ಡೇಟಾ 2.8 ಆಂಗ್‌ಸ್ಟ್ರಾಮ್‌ವರೆಗೆ ಚೆನ್ನಾಗಿದೆ. ಒಂದು ರೆಸಿಡ್ಯೂ (ಅಮೈನೊ ಆಮ್ಲ) ಕೂಡ ಬಿಡದೆ ಪೂರ್ತಿ ಮಾಡೆಲ್ ಹಾಕಿ, ಎಂಆರ್ ಮಾಡುವ ಫೇಸರ್ ಪ್ರೋಗ್ರಾಂ ಓಡಿಸಿದ್ದೇನೆ. ಹೊಂದಿಕೆ ಎಷ್ಟು ಖಚಿತ ಅಂತ ಅದು ಕೊಡುವ ಅಂಕ, ಟಿಎಫ್‌ಜೆಡ್, 5ರ ಆಸುಪಾಸಿನಲ್ಲೇ ನಿಂತಿದೆ. ಏನು ಮಾಡಲಿ?

ಉತ್ತರ: "ಪೂರ್ತಿ ಹಾಕಿದ್ದೇನೆ" ಅಂದಿರಲ್ಲ, ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ: ಮಾಡೆಲ್ ದೊಡ್ಡದಾದಷ್ಟೂ ಸಿಗ್ನಲ್ ಜಾಸ್ತಿ ಅಂತ. ಸರಿಯಾದ ಜಾಗದಲ್ಲಿರುವ ಪರಮಾಣುಗಳ ಮಟ್ಟಿಗೆ ಅದು ನಿಜ. ತಪ್ಪು ಜಾಗದ ಪರಮಾಣು ಮಾತ್ರ ತನ್ನ ಪಾಡಿಗೆ ಸುಮ್ನೆ ಇರುವುದಿಲ್ಲ. ಪ್ರತಿ ಪರಮಾಣುವೂ ಪ್ರತಿ ರಿಫ್ಲೆಕ್ಷನ್‌ಗೂ (ಡೇಟಾದ ಪ್ರತಿ ಎಕ್ಸ್-ರೇ ಚುಕ್ಕಿಗೂ) ತನ್ನ ಪಾಲು ಸೇರಿಸುತ್ತದೆ. ಹಾಗಾಗಿ ಸರಪಳಿಯ ಬಾಲದ ತಪ್ಪು ಬಾಲದಲ್ಲೇ ಉಳಿಯದೆ ಇಡೀ ಲೆಕ್ಕವನ್ನು ಕೆಡಿಸುತ್ತದೆ.

ಎರಡು ಡೊಮೇನ್ (ತಾನೇ ಮಡಚಿಕೊಳ್ಳುವ ಭಾಗ) ಇರುವ ಪ್ರೊಟೀನ್ ತೆಗೆದುಕೊಳ್ಳಿ. ಎರಡೂ ಬಿಡಿಬಿಡಿಯಾಗಿ ಸರಿಯಾಗಿವೆ. ಆದರೆ ನಿಮ್ಮ ಕ್ರಿಸ್ಟಲ್‌ನಲ್ಲಿ ನಡುವಿನ ಕೀಲು ಮಾಡೆಲ್‌ಗಿಂತ 15 ಡಿಗ್ರಿ ತಿರುಗಿದೆ ಅಂದುಕೊಳ್ಳಿ. ಕೀಲಿನಿಂದ 30 ಆಂಗ್‌ಸ್ಟ್ರಾಮ್ ದೂರದ ಪರಮಾಣು ಸುಮಾರು 8 ಆಂಗ್‌ಸ್ಟ್ರಾಮ್ ಪಕ್ಕಕ್ಕೆ ಸರಿದಿರುತ್ತದೆ! ಆಲ್ಫಾ ಹೆಲಿಕ್ಸ್‌ನ ಒಂದು ಸುತ್ತೇ 5.4 ಆಂಗ್‌ಸ್ಟ್ರಾಮ್. 2.8ರ ಡೇಟಾಗೆ ಆ ಭಾಗ ಬರೀ ಗದ್ದಲ. ಆದರೂ ಪಿಎಲ್‌ಡಿಡಿಟಿ 90 ಅಂತಲೇ ತೋರಿಸುತ್ತದೆ, ಯಾಕೆಂದರೆ ಅದು ಹೇಳುವುದು ಸುತ್ತಮುತ್ತಲಿನ ಮಡಿಕೆಯ ಬಗ್ಗೆ ಮಾತ್ರ. ಒಂದು ಡೊಮೇನ್‌ಗೆ ಇನ್ನೊಂದು ಎಲ್ಲಿದೆ ಅನ್ನುವುದಕ್ಕೆ ಆಲ್ಫಾಫೋಲ್ಡ್ ಕೊಡುವ ಪಿಎಇ (ಭಾಗಗಳ ಪರಸ್ಪರ ಸ್ಥಾನದ ಅಂದಾಜು ತಪ್ಪು) ಚಿತ್ರ ನೋಡಬೇಕು. ಅದನ್ನು ತೆರೆಯದೆ ಬಂದು ಕೇಳುವವರೇ ಜಾಸ್ತಿ. ಕೀಲಿನಲ್ಲಿ ಕತ್ತರಿಸಿ, ಎರಡು ತುಂಡನ್ನೂ ಬೇರೆ ಬೇರೆಯಾಗಿ ಹುಡುಕಿಸಿ. ಪಿಎಲ್‌ಡಿಡಿಟಿ 70ಕ್ಕಿಂತ ಕಡಿಮೆ ಇರುವುದನ್ನೆಲ್ಲ ತೆಗೆಯಿರಿ.

ಇನ್ನೊಂದು ವಿಷಯ. ಮಾಡೆಲ್ ಫೈಲ್ ತೆರೆದು ಒಂದು ಸಾಲು ಓದಿ. 1.00 ಪಕ್ಕದಲ್ಲಿ 96.4 ಅಂತ ಏನೋ ಇರುತ್ತದೆ. ಅದು ಬಿ-ಫ್ಯಾಕ್ಟರ್ (ಜಾಸ್ತಿಯಾದಷ್ಟೂ ಪರಮಾಣು ಮಸುಕು ಅನ್ನುವ ಅಂಕಿ) ಇರಬೇಕಾದ ಜಾಗ, ಇರುವುದು ಪಿಎಲ್‌ಡಿಡಿಟಿ. ಹಾಗೇ ಓದಿದರೆ ಅತ್ಯಂತ ನಂಬಿಕಸ್ಥ ಪರಮಾಣು ಮಸುಕು, 35 ಇರುವ ಲೂಪ್ ಚೊಕ್ಕ ಅಂತಾಗುತ್ತದೆ. ಪೂರ್ತಿ ತಲೆಕೆಳಗು. ಫೀನಿಕ್ಸ್ ಸಾಫ್ಟ್‌ವೇರ್‌ನ 'ಪ್ರೊಸೆಸ್ ಪ್ರೆಡಿಕ್ಟೆಡ್ ಮಾಡೆಲ್' ಇದನ್ನು ಸರಿಯಾದ ಬಿ-ಫ್ಯಾಕ್ಟರ್‌ಗೆ ಬದಲಾಯಿಸಿ, ಕತ್ತರಿಸುವ ಕೆಲಸವನ್ನೂ ಮಾಡಿಕೊಡುತ್ತದೆ.

ಇಷ್ಟಾದರೂ ಆಗದಿದ್ದರೆ ಮಾಡೆಲ್ ಬಿಟ್ಟು ಡೇಟಾ ಕಡೆ ತಿರುಗಿ. ಪಿ41 ಮತ್ತು ಪಿ43 ಎಂಬ ಸ್ಪೇಸ್ ಗ್ರೂಪ್ (ಕ್ರಿಸ್ಟಲ್ ಸಮ್ಮಿತಿಯ ಬಗೆ) ಎರಡರಲ್ಲೂ ಕಾಣೆಯಾಗುವ ರಿಫ್ಲೆಕ್ಷನ್‌ಗಳು ಒಂದೇ, ಎರಡನ್ನೂ ಪ್ರಯತ್ನಿಸಿ. ಟ್ವಿನ್ನಿಂಗ್ (ಎರಡು ಕ್ರಿಸ್ಟಲ್ ಒಂದರಲ್ಲೊಂದು ಬೆರೆತು ಬೆಳೆದಿರುವುದು) ಪರೀಕ್ಷೆ ಮಾಡಿ. ಅಸಿಮೆಟ್ರಿಕ್ ಯೂನಿಟ್‌ನಲ್ಲಿ (ಸಮ್ಮಿತಿಯಿಂದ ಇಡೀ ಕ್ರಿಸ್ಟಲ್ ಆಗುವ ಅತಿ ಚಿಕ್ಕ ಭಾಗದಲ್ಲಿ) ಪ್ರೊಟೀನಿನ ಎಷ್ಟು ಪ್ರತಿ ಅನ್ನುವುದಕ್ಕೆ ಮ್ಯಾಥ್ಯೂಸ್ ಲೆಕ್ಕ ಕೊಡುವುದು ಸಾಧ್ಯತೆ ಮಾತ್ರ. ಕ್ರಿಸ್ಟಲ್ ನಿಮ್ಮ ಪ್ರೊಟೀನಿನದೇನಾ ಅಂತಲೂ ನೋಡಿ. ಕೋಶ ಒಡೆಯಲು ಹಾಕಿದ ಲೈಸೊಜೈಮ್ ಕೂಡ ಕ್ರಿಸ್ಟಲ್ ಆಗಬಹುದು, ಇ. ಕೋಲೈನದೇ ಪ್ರೊಟೀನ್ ಎಸಿಆರ್‌ಬಿ ಕೂಡ.

ನೀವು ಕೇಳಲಿಲ್ಲ, ಆದರೆ ಕೇಳಬೇಕಿತ್ತು: ಟಿಎಫ್‌ಜೆಡ್ 8 ದಾಟಿತು, ಅಂದರೆ ಪರಿಹಾರ ಸಿಕ್ಕಂತಿದೆ, ಮ್ಯಾಪ್ (ಎಲೆಕ್ಟ್ರಾನ್ ಸಾಂದ್ರತೆಯ ಚಿತ್ರ) ಚೆನ್ನಾಗಿ ಬಂತು. ಅದನ್ನು ನಂಬುವುದು ಹೇಗೆ? ಮ್ಯಾಪ್‌ಗೆ ಬೇಕಾದ, ಡೇಟಾದಲ್ಲಿ ಸಿಗದ ಫೇಸ್‌ಗಳು (ಅಲೆಗಳ ಹಂತ) ಬಂದದ್ದೇ ಮಾಡೆಲ್‌ನಿಂದ. ಹಾಗಾಗಿ ಮ್ಯಾಪ್ ಮಾಡೆಲ್ ಥರವೇ ಕಾಣುತ್ತದೆ, ಮಾಡೆಲ್ ತಪ್ಪಿದ್ದರೂ. ಇಲ್ಲೇ ಕತ್ತರಿಸಿಟ್ಟ ಲೂಪ್ ಕೆಲಸಕ್ಕೆ ಬರುತ್ತದೆ. ಅದನ್ನು ವಾಪಸ್ ಸೇರಿಸಬೇಡಿ. ಹಾಗೇ ಒಂದು ಸುತ್ತು ರಿಫೈನ್ ಮಾಡಿ, ಮ್ಯಾಪ್ ನೋಡುವ ಕೂಟ್ ಪ್ರೋಗ್ರಾಂನಲ್ಲಿ ತುಂಡಾದ ಸರಪಳಿಯ ತುದಿಗೆ ಹೋಗಿ. ನೀವು ಏನೂ ಹಾಕದ ಜಾಗದಲ್ಲಿ ಹಸಿರು ಬಲೆ (ಡೇಟಾದಲ್ಲಿದ್ದು ಮಾಡೆಲ್‌ನಲ್ಲಿಲ್ಲದ ಸಾಂದ್ರತೆ) ಮುಂದುವರಿದಿದೆಯಾ? ಅನುಕ್ರಮದ ಪ್ರಕಾರ ಟ್ರಿಪ್ಟೊಫಾನ್ ಬರಬೇಕಾದ ಕಡೆ ಅಗಲವಾದ ಉಬ್ಬು ಕಾಣುತ್ತಿದೆಯಾ? ಅದನ್ನು ಮಾಡೆಲ್ ತೋರಿಸಲಾರದು, ನಿಮ್ಮ ಡೇಟಾವೇ ತೋರಿಸಬೇಕು. ನನ್ನ ಹತ್ತಿರ ಕಲಿತವರು ಆರ್-ಫ್ರೀ (ಪಕ್ಕಕ್ಕಿಟ್ಟ ಡೇಟಾಗೆ ಮಾಡೆಲ್ ಎಷ್ಟು ಹೊಂದುತ್ತಿಲ್ಲ ಅನ್ನುವ ಅಂಕಿ) ನೋಡುವ ಮೊದಲೇ ಆ ತುದಿಗೆ ಹೋಗುತ್ತಾರೆ. ಅದು ನನಗೆ ತುಂಬಾ ಹೆಮ್ಮೆ.