ಗಡಿಯಾರಕ್ಕೂ ನೆಟ್‌ಗೂ ಏನು ಸಂಬಂಧ?

ಬೆಂಗಳೂರಿನ ಹನುಮಂತನಗರದ ನಮ್ಮ ಸೋದರಮಾವನ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2010ರಲ್ಲಿ ಎಸ್‌.ಪಿ. ರೋಡಿನಲ್ಲಿ ಒಂದೊಂದೇ ಭಾಗ ಕೊಂಡು ಜೋಡಿಸಿದ್ದು, ವಿಂಡೋಸ್ 7. ಹೊಸದು ತಗೊಳ್ಳಿ ಮಾವ ಅಂದರೆ "ಇದಕ್ಕೇನಾಗಿದೆಯೋ?" ಅನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ಎರಡು ತಿಂಗಳು ಮಗಳ ಮನೆಯಲ್ಲಿದ್ದು ವಾಪಸ್ ಬಂದವರೇ ಫೋನ್ ಮಾಡಿದರು. "ನೆಟ್ ಬರ್ತಿಲ್ಲ ಕಣೋ. ಕಂಪನಿ ಹುಡುಗ ಎರಡು ಸಲ ಬಂದು ಲೈನ್ ಓಕೆ ಸಾರ್ ಅಂದು ಹೋದ. ನೀನಾದ್ರೂ ಬಂದು ನೋಡು."

ಹೋದೆ. ಮಾವನ ಮೊಬೈಲ್‌ನಲ್ಲಿ ಅದೇ ಮನೆಯ ವೈಫೈ ಮೇಲೆ ಯೂಟ್ಯೂಬ್ ಚೆನ್ನಾಗಿ ಓಡುತ್ತಿತ್ತು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಬೀದಿಯ ಮರಗಳಲ್ಲಿ ಜೋತಾಡುವ ಕೇಬಲ್ಲು, ಗೋಡೆಯ ಡಬ್ಬಿ, ರೌಟರ್, ಯಾವುದರ ತಪ್ಪೂ ಅಲ್ಲ. ಆ ಹುಡುಗ ಹೇಳಿದ್ದು ಸರಿಯೇ, ಆದರೆ ಕಂಪ್ಯೂಟರಿನ ಕಡೆ ಅವನು ತಿರುಗಿಯೂ ನೋಡಲಿಲ್ಲವಂತೆ.

ಮೊದಲ ಅನುಮಾನ ವೈರಿನ ಮೇಲೆ. ಹಾಲ್‌ನಿಂದ ಕಿಟಕಿ ಸಂದಿಯಲ್ಲಿ ತೂರಿ ರೂಮಿಗೆ ಹೋಗುವ ಲ್ಯಾನ್ ಕೇಬಲ್ ಅದು, ಒಂದು ಕಡೆ ಅಳಿಲು ಹಲ್ಲು ಉಜ್ಜಿದ ಗುರುತೂ ಇತ್ತು. ಈ ಕೇಬಲಿನೊಳಗೆ ಎಂಟು ತಂತಿ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. ತಮಾಷೆ ಏನೆಂದರೆ 100 ಎಂಬಿಪಿಎಸ್ ವೇಗದ ಹಳೇ ಪೋರ್ಟ್ ಇದರಲ್ಲಿ ಎರಡು ಜೋಡಿಯನ್ನು ಮಾತ್ರ ಬಳಸುತ್ತದೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು. ಹಾಗಾಗಿ ಅಳಿಲು ಕಂದು ಬಣ್ಣದ ಜೋಡಿಯನ್ನು ಕಡಿದು ಹಾಕಿದರೆ ಮುದಿ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ, ಅದೇ ವೈರಿಗೆ ಹಾಕಿದ ಹೊಸ ಲ್ಯಾಪ್‌ಟಾಪ್ ಮಾತ್ರ ಕುಂಟುತ್ತದೆ. ಮಾವನ ಪೋರ್ಟಿನಲ್ಲಿ ಪುಟ್ಟ ದೀಪ ಮಿಣುಕುತ್ತಿತ್ತು. ವೈರ್ ಪಾಸು.

(ವೈರಿಲ್ಲದ ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಇಲ್ಲಿ ಬೇರೆ ಪ್ರಶ್ನೆ ಕೇಳಬೇಕು. ಹಳೇ ವೈಫೈ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಅಲೆ ಮಾತ್ರ ಕೇಳಿಸುತ್ತದೆ. ರೌಟರ್ 5 ಗಿಗಾಹರ್ಟ್ಸ್‌ನಲ್ಲಷ್ಟೇ ಕೂಗುತ್ತಿದ್ದರೆ ನಿಮ್ಮ ವೈಫೈ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ.)

ಆಮೇಲೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ತೆರೆದು, ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸು ಅನ್ನುವುದಕ್ಕೆ ಐಪಿಕಾನ್‌ಫಿಗ್ ಅಂತ ಟೈಪ್ ಮಾಡಿದೆ. 192.168 ಅಂತ ಶುರುವಾಗುವ ವಿಳಾಸ ಬಂತು. ಇದು ರೌಟರ್ ಕೊಟ್ಟ ವಿಳಾಸ, ಅಂದರೆ ಇಬ್ಬರ ನಡುವೆ ಮಾತುಕತೆ ಇದೆ. 169.254 ಅಂತ ಬಂದಿದ್ದರೆ ಕಥೆ ಬೇರೆ. ಎಷ್ಟು ಕೂಗಿದರೂ ರೌಟರ್ ಓಗೊಡದಿದ್ದಾಗ ಕಂಪ್ಯೂಟರ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಅದನ್ನು ನೋಡಿದ ತಕ್ಷಣ ರೌಟರನ್ನು ಒಮ್ಮೆ ಆರಿಸಿ ಹಾಕಿ, ವೈರಿನ ಎರಡೂ ತುದಿ ಕಿತ್ತು ಮತ್ತೆ ಚುಚ್ಚಿ ನೋಡಬೇಕು.

ಮುಂದಿನದು ಪಿಂಗ್. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ ಚಿಕ್ಕ ಸಾಧನ ಇದು. ಜಲಾಂತರ್ಗಾಮಿಗಳು ನೀರಿನಲ್ಲಿ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತವಲ್ಲ, ಆ ಶಬ್ದದ ಹೆಸರನ್ನೇ ಇದಕ್ಕೂ ಇಟ್ಟ. ಗೂಗಲ್‌ನ ಒಂದು ಸರ್ವರಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿದೆ, ಉತ್ತರ ಬಂತು. ಸರಿ, ಹೊರಗಿನ ಲೋಕ ಸಿಗುತ್ತಿದೆ. ಅಂಕಿ ಬಿಟ್ಟು ಗೂಗಲ್ ಅಂತ ಹೆಸರು ಹಾಕಿ ಕರೆದೆ, ಅದಕ್ಕೂ ಉತ್ತರ ಬಂತು. ಅಂದರೆ ಹೆಸರನ್ನು ಅಂಕಿಯಾಗಿ ಬದಲಿಸಿಕೊಡುವ ಡಿಎನ್‌ಎಸ್ ಕೂಡ ಸರಿಯಿದೆ. ಎಲ್ಲವೂ ಸರಿಯಿದೆ, ಪೇಜ್ ಮಾತ್ರ ತೆರೆಯುತ್ತಿಲ್ಲ! ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಕಾಫಿ ಹಿಡಿದು ಬಂದ ಮಾವ ಅಂದರು, "ಅದೇನೋ ನಿಮ್ಮ ಗಡಿಯಾರ ಹಿಂದಿದೆ ಅಂತ ಇಂಗ್ಲಿಷಲ್ಲಿ ಬರ್ತಿರುತ್ತೆ, ನಾನು ಮುಚ್ತಿರ್ತೀನಿ. ಗಡಿಯಾರಕ್ಕೂ ನೆಟ್‌ಗೂ ಏನೋ ಸಂಬಂಧ?"

ಪರದೆಯ ಬಲಮೂಲೆ ನೋಡಿದೆ. 2010ರ ಜನವರಿ 1.

ಸಂಬಂಧ ಇದೆ, ಅದೂ ಜಾಸ್ತಿನೇ. ಈಗಿನ ಹೆಚ್ಚುಕಡಿಮೆ ಎಲ್ಲ ವೆಬ್‌ಸೈಟುಗಳೂ ನಮ್ಮ ಜೊತೆ ಮಾತಾಡುವ ಮುಂಚೆ, ತಾವು ಅಸಲಿ ಅನ್ನುವುದಕ್ಕೆ ಒಂದು ಸರ್ಟಿಫಿಕೇಟ್ ತೋರಿಸುತ್ತವೆ. ಬಿಎಂಟಿಸಿ ಪಾಸಿನ ಹಾಗೆ ಅದಕ್ಕೂ ಒಂದು ಶುರುವಿನ ದಿನ, ಒಂದು ಮುಗಿಯುವ ದಿನ ಇರುತ್ತದೆ. ಪಾಸ್ ನೋಡುವ ಕಂಡಕ್ಟರ್ ನಮ್ಮ ಬ್ರೌಸರ್. ಕಂಡಕ್ಟರ್ ಕೈಯಲ್ಲಿರುವ ಕ್ಯಾಲೆಂಡರೇ 2010ರದ್ದಾದರೆ? ಹತ್ತಿದವರ ಪಾಸೆಲ್ಲ ಅವನ ಪಾಲಿಗೆ ಇನ್ನೂ ಶುರುವೇ ಆಗಿಲ್ಲ, ಎಲ್ಲರನ್ನೂ ಇಳಿಸಿಬಿಡುತ್ತಾನೆ. ಪಿಂಗ್‌ಗೆ ಸರ್ಟಿಫಿಕೇಟ್ ಬೇಡ, ಅದಕ್ಕೇ ಅದು ಆರಾಮಾಗಿ ಹೋಗಿ ಬರುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಕಂಪ್ಯೂಟರಿನೊಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡ್ ಮೇಲೆ ಕೂತಿರುವ ಒಂದು ಬಟನ್ ಸೆಲ್. ಸಿಆರ್2032 ಅಂತ ಅದರ ಬೆನ್ನ ಮೇಲೇ ಬರೆದಿರುತ್ತದೆ, 3 ವೋಲ್ಟಿನ ಲಿಥಿಯಂ ಸೆಲ್. ಕಂಪ್ಯೂಟರ್ ಆರಿಸಿದ ಮೇಲೂ ಒಳಗೊಂದು ಗಡಿಯಾರ ಓಡುತ್ತಿರಬೇಕಲ್ವಾ, ಅದಕ್ಕೆ ಶಕ್ತಿ ಕೊಡುವುದು ಇದೇ. ಆ ಗಡಿಯಾರದ ಎದೆಬಡಿತ ಒಂದು ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ? ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ, ಅಂದರೆ ಸೆಕೆಂಡಿಗೊಂದು ಬಡಿತ. ಅರ್ಧ ಮಾಡುವುದು ಚಿಪ್ಪಿಗೆ ಅತಿ ಸುಲಭದ ಕೆಲಸ. ನಿಮ್ಮ ಕೈಗಡಿಯಾರ ಬ್ಯಾಟರಿಯದ್ದಾದರೆ ಅದರೊಳಗೂ ಸಾಮಾನ್ಯವಾಗಿ ಇದೇ ಲೆಕ್ಕ.

ಕಂಪ್ಯೂಟರ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಮದರ್‌ಬೋರ್ಡಿಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಸೆಲ್ ಅಷ್ಟಾಗಿ ಖರ್ಚಾಗುವುದಿಲ್ಲ. ನಮ್ಮ ಮಾವ ದಿನಾ ರಾತ್ರಿ ಗೋಡೆಯ ಸ್ವಿಚ್ ಆರಿಸಿಯೇ ಮಲಗುವವರು, ಊರಿಗೆ ಹೋಗುವಾಗ ಮೇನ್ ಸ್ವಿಚ್ಚೇ ಇಳಿಸುವವರು. ವರ್ಷಗಟ್ಟಲೆ ಹೀಗೆ ಸೋತಿದ್ದ ಸೆಲ್ ಆ ಎರಡು ತಿಂಗಳಲ್ಲಿ ಪ್ರಾಣ ಬಿಟ್ಟಿದೆ. ಸುಳಿವೂ ಕೊಟ್ಟಿತ್ತು. ಊರಿಂದ ಬಂದಾಗಿನಿಂದ ಆನ್ ಮಾಡಿದಾಗಲೆಲ್ಲ ಕಪ್ಪು ಪರದೆಯಲ್ಲಿ ಸಿಮಾಸ್ ಅಂತ ಏನೋ ಬಂದು ನಿಲ್ಲುತ್ತಿತ್ತಂತೆ (ಈ ಸೆಲ್ಲಿನ ಬಲದಲ್ಲೇ ಬದುಕುವ ಪುಟ್ಟ ನೆನಪಿನ ಹೆಸರು ಅದು). "ಎಫ್ ಒನ್ ಒತ್ತಿದ್ರೆ ಮುಂದೆ ಹೋಗುತ್ತಲ್ಲೋ" ಅಂದರು ಮಾವ.

ಆದರೂ ವಿಂಡೋಸ್ ತಾನೇ ಇಂಟರ್ನೆಟ್ಟಿಂದ ಸಮಯ ಕೇಳಿ ಸರಿಮಾಡಿಕೊಳ್ಳಬೇಕಿತ್ತು, ಅಲ್ವಾ? ಕೇಳುತ್ತದೆ, ಸಾಮಾನ್ಯವಾಗಿ ವಾರಕ್ಕೊಂದು ಸಲ. ಆದರೆ ಮನೆಯ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ, ಇದರಲ್ಲೇನೋ ಮೋಸ ಇದೆ ಅಂದುಕೊಂಡು ತಿದ್ದುವುದೇ ಇಲ್ಲ! ಇಲ್ಲಿ ಇದ್ದದ್ದು ಹದಿನೈದು ವರ್ಷಗಳ ಆಸುಪಾಸಿನ ವ್ಯತ್ಯಾಸ.

ಗಾಂಧಿ ಬಜಾರಿನ ವಾಚ್ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸೆಲ್ ಸಿಕ್ಕಿತು. ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಮಗ್ಗುಲು ಬಿಚ್ಚಿ, ಸೆಲ್ ಪಕ್ಕದ ಚಿಕ್ಕ ಕ್ಲಿಪ್ಪನ್ನು ಉಗುರಲ್ಲಿ ಒತ್ತಿದರೆ ಹಳೇದು ಟಕ್ಕನೆ ಮೇಲೆ ಬರುತ್ತದೆ. ಪ್ಲಸ್ ಗುರುತು ಮೇಲಿರುವಂತೆ ಹೊಸದನ್ನು ಕೂರಿಸಿ, ದಿನಾಂಕ ಸರಿಮಾಡಿದೆ. ಪೇಜ್ ತೆರೆಯಿತು. ಮಾವ ಮೊದಲು ನೋಡಿದ್ದು ಕ್ರಿಕೆಟ್ ಸ್ಕೋರು.

ದಿನಾಂಕ ಸರಿಯಿದ್ದೂ ಕೆಲವು ಸೈಟು ಮಾತ್ರ ತೆರೆಯದ ಹಳೇ ಯಂತ್ರಗಳೂ ಇವೆ. ಅಲ್ಲಿ ಅವಧಿ ಮುಗಿದಿರುವುದು ಕಂಪ್ಯೂಟರಿನೊಳಗಿನ ನಂಬಿಗಸ್ತರ ಪಟ್ಟಿಯದ್ದು. ಸರ್ಟಿಫಿಕೇಟಿಗೆ ಸಹಿ ಹಾಕುವವರ ಮೂಲ ಸರ್ಟಿಫಿಕೇಟುಗಳು ಈ ಪಟ್ಟಿಯಲ್ಲಿರುತ್ತವೆ, ಅವಕ್ಕೂ ಕೊನೆಯ ದಿನ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟುಗಳನ್ನು ಎಷ್ಟೋ ಸೈಟುಗಳು ಬಳಸುತ್ತವೆ, ಅವು ಆಗ ಆತುಕೊಂಡಿದ್ದ ಒಂದು ಹಳೇ ಮೂಲದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಪಟ್ಟಿ ಹೊಸದಾಗದ ಎಷ್ಟೋ ಹಳೇ ಫೋನು, ಕಂಪ್ಯೂಟರುಗಳು ಅವತ್ತಿನಿಂದ ಆ ಸೈಟುಗಳಿಗೆ ಬಾಗಿಲು ಹಾಕಿಕೊಂಡವು. ಇಂಥ ಕಡೆ ಫೈರ್‌ಫಾಕ್ಸ್ ಹಾಕಿ ನೋಡುವುದು ಒಳ್ಳೆಯದು, ಅದು ತನ್ನದೇ ಪಟ್ಟಿ ಹೊತ್ತು ತರುತ್ತದೆ. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಗೇ ನಿಂತಿತು, ಫೈರ್‌ಫಾಕ್ಸ್‌ನಲ್ಲಿ 115 ಕೊನೆಯದು.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಭದ್ರತಾ ರಿಪೇರಿ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಹಾಗಾಗಿ ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ ಮಾವ ಅಂದೆ, ಅದಕ್ಕೆ ಒಪ್ಪಿದರು. ಗೋಡೆಯ ಸ್ವಿಚ್ ರಾತ್ರಿ ಹಾಗೇ ಬಿಡಿ ಅಂದಿದ್ದಕ್ಕೆ ಒಪ್ಪಲಿಲ್ಲ.