ಸೋರುವ ಪೈಪು, ಐವತ್ತು ಬೆರಳು

ಓದುಗರ ಪ್ರಶ್ನೆ: ನಾನು ಉಡುಪಿ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. 3ರಿಂದ 5ನೇ ಕ್ಲಾಸಿನ ಮಕ್ಕಳು. ಆಟದಲ್ಲಿ ಸೋತರೆ ಅಳು, ಗೆದ್ದರೆ ಜಗಳ. ಒಟ್ಟಿಗೆ ಆಡುವುದನ್ನೂ ಸೋತರೆ ಮತ್ತೆ ಏಳುವುದನ್ನೂ ಕಲಿಸುವ ನೀರಿನ ಆಟ ಯಾವುದಾದರೂ ಉಂಟಾ? ಬೀಚಿಗೆ ಕರೆದುಕೊಂಡು ಹೋಗಬಹುದಾ?

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಬೀಚು ಬೇಡ. ಮಲ್ಪೆ ಇರಲಿ, ಪಣಂಬೂರು ಇರಲಿ, 30 ಮಕ್ಕಳಿಗೆ ಇಬ್ಬರು ಟೀಚರ್ ಅಂದರೆ ಅಲ್ಲಿ ಆಟ ನಡೆಯುವುದಿಲ್ಲ, ತಲೆ ಎಣಿಕೆ ನಡೆಯುತ್ತದೆ. ಮಳೆಗಾಲದ ಕಡಲಿನ ಬಗ್ಗೆ ನಮ್ಮ ಊರಿನವರಿಗೆ ಹೇಳುವುದೇ ಬೇಡ. ಶಾಲೆಯ ಅಂಗಳ, ನಾಲ್ಕು ಬಕೆಟ್ ನೀರು, ಅಷ್ಟು ಸಾಕು.

ಇನ್ನು ಆಟದ ವಿಷಯ. ನಾವೆಲ್ಲ ಆಡಿದ ಕೆರೆ-ದಡ ನೆನಪಿದೆಯಲ್ವಾ? ತಪ್ಪಿದವನು ಔಟ್. ಔಟಾದವನು ಬದಿಯಲ್ಲಿ ನಿಂತು ಉಳಿದವರನ್ನು ನೋಡುತ್ತಾನೆ. ಅಂದರೆ ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವನಿಗೇ ಕಡಿಮೆ ಸಿಗುತ್ತದೆ. ನಿಮ್ಮ ಮಕ್ಕಳಿಗೆ ಈ ಜಾತಿಯ ಆಟ ಸದ್ಯಕ್ಕೆ ಬೇಡ. ಯಾರೂ ಔಟಾಗದ, ಒಬ್ಬನೇ ಜಾಣ ಗೆಲ್ಲಿಸಲು ಆಗದ ಆಟ ಹುಡುಕಿ. ಮಲ್ಪೆ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ಮಕ್ಕಳು ನೋಡಿರುತ್ತಾರೆ. ಬಲೆಯ ಎರಡು ತುದಿಗೆ ಎರಡು ಗುಂಪು. ಒಬ್ಬ ಎಷ್ಟೇ ಗಟ್ಟಿಗನಾದರೂ ಅವನೊಬ್ಬನಿಂದ ಬಲೆ ದಡಕ್ಕೆ ಬಾರದು.

ನನಗೆ ಅತಿ ಇಷ್ಟದ್ದು ಸೋರುವ ಪೈಪಿನ ಆಟ. ನಾಲ್ಕು ಇಂಚಿನ ಪಿವಿಸಿ ಪೈಪು, ಮೂರು ಅಡಿ ಉದ್ದ. ಕೆಳಗಿನ ಬಾಯಿಗೆ ಮುಚ್ಚಳ ಅಂಟಿಸಿ. ಮೈತುಂಬ ಅಲ್ಲಲ್ಲಿ ಹದಿನೈದು-ಇಪ್ಪತ್ತು ತೂತು, ಒಂದೊಂದೂ ಮಗುವಿನ ಬೆರಳು ಮುಚ್ಚುವಷ್ಟು ಸಣ್ಣದು. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಒಳಗೆ ಒಂದು ಟೆನಿಸ್ ಚೆಂಡು ಹಾಕಿ. ಐದು ಮಕ್ಕಳು ಪೈಪನ್ನು ನೆಟ್ಟಗೆ ಹಿಡಿದು ತೂತು ಮುಚ್ಚಬೇಕು. ಇನ್ನಿಬ್ಬರು ಹತ್ತು ಹೆಜ್ಜೆ ದೂರದ ಬಕೆಟ್‌ನಿಂದ ಚೆಂಬಿನಲ್ಲಿ ನೀರು ತಂದು ಸುರಿಯಬೇಕು. ಪೈಪು ತುಂಬಲು ಏಳೆಂಟು ಲೀಟರ್ ಸಾಕು. ಚೆಂಡು ಮೇಲೆ ತೇಲಿ ಬಂದರೆ ಗೆದ್ದಂತೆ.

ಮೊದಲ ಸಲ ಬರುವುದಿಲ್ಲ. ಬರಲೇಬಾರದು! ಎಲ್ಲರೂ ಕಣ್ಣಿಗೆ ಕಂಡ ಮೇಲಿನ ತೂತನ್ನೇ ಮುಚ್ಚುತ್ತಾರೆ, ಕೆಳಗಿನಿಂದ ನೀರು ಚಿಮ್ಮಿ ಹೋಗುತ್ತದೆ. ಮೇಲಿರುವ ನೀರಿನ ಒತ್ತಡ ಕೆಳಗಿನ ತೂತಿಗೇ ಜಾಸ್ತಿ. ಇದನ್ನು ನೀವು ಹೇಳಬೇಡಿ. ಸೋತ ಮೇಲೆ ಎರಡು ನಿಮಿಷ ಅವರವರೇ ಮಾತಾಡಲಿ. ಸಾಮಾನ್ಯವಾಗಿ ಬಾಯಿ ಬಿಡದ ಒಂದು ಮಗು ಮೆಲ್ಲಗೆ "ಕೆಳಗಿನದ್ದು ಮೊದಲು ಮುಚ್ಚುವನಾ" ಅನ್ನುತ್ತದೆ. ಆಗ ನೋಡಬೇಕು ಉಳಿದವರ ಮುಖ.

ನಿಜ ಹೇಳಬೇಕೆಂದರೆ ಈ ಎರಡು ನಿಮಿಷ ಸುಮ್ನೆ ನಿಲ್ಲುವುದು ದೊಡ್ಡವರಿಗೇ ಕಷ್ಟ. ಮೊದಲ ಸಲ ಆಡಿಸಿದಾಗ ನಾನೇ ತಡೆಯಲಾರದೆ ಹೋಗಿ ಬೆರಳಿಟ್ಟಿದ್ದೆ. ಚೆಂಡು ಬಂತು, ಆದರೆ ಮಕ್ಕಳು ಕುಣಿಯಲಿಲ್ಲ.

ಎರಡು ತಂಡಗಳಿಗೆ ಪೈಪೋಟಿ ಇಡಬೇಡಿ. ನೀರು ಎಲ್ಲಿಯವರೆಗೆ ಏರಿತೋ ಅಲ್ಲಿ ಇದ್ದಿಲಿನಿಂದ ಗೆರೆ ಹಾಕಿ. ಮುಂದಿನ ಸಲ ತಮ್ಮದೇ ಗೆರೆ ದಾಟಿದರೆ ಆಯಿತು. ಅಳುವ ಮಗುವಿಗೆ "ಅಳಬೇಡ" ಅನ್ನುವುದಕ್ಕಿಂತ ಆ ಗೆರೆ ತೋರಿಸುವುದು ಮೇಲು.

ಇನ್ನೊಂದು ನಮ್ಮ ತೋಟದ ಆಟ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ (ಕಾಲುವೆಯಂಥ ದೋಣಿ) ನೀರು ಹರಿಸುತ್ತಿದ್ದದ್ದು ಹಿರಿಯರಿಗೆ ಗೊತ್ತು. ಮಕ್ಕಳಿಗೆ ಒಂದೊಂದು ಅಡಿಕೆ ಹಾಳೆ ಕೊಡಿ, ಬಾಗಿಸಿ ಸಾಲಾಗಿ ಹಿಡಿಯಲಿ. ಒಂದು ತುದಿಯಲ್ಲಿ ಸುರಿದ ನೀರು ಇನ್ನೊಂದು ತುದಿಯ ಕೊಡಪಾನಕ್ಕೆ ಬೀಳಬೇಕು. ಸಾಲು ಸಾಲದಿದ್ದರೆ ನೀರು ದಾಟಿಸಿದವನು ಓಡಿ ಮುಂದೆ ಸೇರಿಕೊಳ್ಳಬೇಕು. ಪಕ್ಕದವನ ಹಾಳೆ ಯಾವ ಎತ್ತರದಲ್ಲಿದೆ ಎಂದು ನೋಡದೆ ನೀರು ಹೋಗುವುದೇ ಇಲ್ಲ. ತಲೆಯ ಮೇಲಿಂದ ಹಿಂದಕ್ಕೆ ಚೆಂಬು ದಾಟಿಸುವ ಆಟವೂ ಇದೆ. ಅದು ಬರೀ ನಗಲಿಕ್ಕೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಲ್ಲಲ್ಲಿ ನಡೆಯುವ ಕೆಸರುಗದ್ದೆ ಆಟದ ಕೂಟ ‘ಕೆಸರ್ಡ್ ಒಂಜಿ ದಿನ’ಕ್ಕೂ ಮಕ್ಕಳನ್ನು ಕಳಿಸಬಹುದಾ ಎಂದು ಕೆಲವರು ಕೇಳುತ್ತಾರೆ. ಕೆಸರುಗದ್ದೆಯಲ್ಲಿ ಎಲ್ಲರೂ ಬೀಳುತ್ತಾರೆ, ಹಾಗಾಗಿ ಬಿದ್ದವರಿಗೆ ನಾಚಿಕೆಯಿಲ್ಲ. ಅದು ಒಳ್ಳೆಯದೇ. ಆದರೆ ಇಲಿಜ್ವರದ ನೆನಪಿರಲಿ. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಅದರ ರೋಗಾಣು ಗಾಯದ ಮೂಲಕ ಒಳಗೆ ಹೋಗುತ್ತದೆ. ಕಾಲಲ್ಲಿ ಗಾಯ ಇದ್ದ ಮಗುವನ್ನು ಇಳಿಸಬೇಡಿ. ಆಡಿದವರೆಲ್ಲ ಒಳ್ಳೆಯ ನೀರಿನಲ್ಲಿ ಸೋಪು ಹಚ್ಚಿ ತೊಳೆಯಲಿ. ಮುಂದಿನ ಎರಡು-ಮೂರು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಗದ್ದೆಗೆ ಇಳಿದ ಸಂಗತಿಯನ್ನು ಡಾಕ್ಟರಿಗೆ ಹೇಳಬೇಕು. ಶಾಲೆಯ ಆಟಕ್ಕೆ ಬಾವಿಯ ಅಥವಾ ನಳ್ಳಿಯ ನೀರೇ ಸರಿ.

ಯಾವಾಗ ಆಡಿಸುವುದು? ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಹಿತ. ಹತ್ತೂವರೆಯ ಬಿಸಿಲಿಗೆ ಅಂಗಿ ಬೇಗ ಒಣಗುತ್ತದೆ. ಏಪ್ರಿಲ್-ಮೇ ಬೇಡ. ಮಂಗಳೂರಿಗೆ, ಉಡುಪಿಗೆ ಕುಡಿಯುವ ನೀರು ಕೊಡುವ ತುಂಬೆ, ಬಜೆ ಅಣೆಕಟ್ಟಿನ ನೀರಿನ ಮಟ್ಟ ಪೇಪರಿನಲ್ಲಿ ಬರುವ ಹೊತ್ತಿನಲ್ಲಿ ನೀರು ಚೆಲ್ಲಿದರೆ ಊರಿನವರು ಬಿಟ್ಟಾರಾ? ಗುಡುಗು ಕೇಳಿದರೆ ಎಲ್ಲರೂ ಒಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬಿಡಬೇಡಿ. ಹಾವಸೆ ಹಿಡಿದ ಮುರಕಲ್ಲಿನ ಮೇಲೆ ಓಡುವ ಆಟ ಬೇಡವೇ ಬೇಡ.

"ಮಗುವಿಗೆ ಶೀತ ಆದರೆ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಶೀತ ಬರುವುದು ವೈರಸ್‌ನಿಂದ, ನೆನೆದದ್ದರಿಂದಲ್ಲ. ಹಾಗೆಂದು ಒದ್ದೆ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಬೇಡಿ. ಇನ್ನೊಂದು ಜೊತೆ ಬಟ್ಟೆ, ಒಂದು ಬೈರಾಸು ತರಲು ಹಿಂದಿನ ದಿನವೇ ಚೀಟಿ ಕಳಿಸಿ. ಉಬ್ಬಸ ಇರುವ ಮಗುವಿನ ಮನೆಯವರನ್ನು ಮೊದಲೇ ಕೇಳಿ. ನೆನೆಯಲು ಮನಸ್ಸಿಲ್ಲದ ಮಗುವಿಗೆ ಇದ್ದಿಲು ಕೊಟ್ಟು ಗೆರೆ ಹಾಕುವ ಕೆಲಸ ಕೊಡಿ. ಮೂರನೇ ಸುತ್ತಿಗೆ ಆ ಮಗುವೂ ಬೆರಳಿಡಲು ಬರಬಹುದು, ಬರದಿದ್ದರೂ ಕರೆಯಬೇಡಿ.

ಪೈಪನ್ನು ಬಸಳೆ ಚಪ್ಪರದ ಬುಡದಲ್ಲೇ ನಿಲ್ಲಿಸಿ ಆಡಿಸಿ. ಸೋರಿದ್ದೆಲ್ಲ ಬಸಳೆಗೆ.