ಎತ್ತರದ, ಐವತ್ತೈದು ದಾಟಿದ ಸವಾರನಿಗೆ ಡರ್ಟ್ ಬೈಕ್ ಹೊಂದಿಸುವುದು: ಅಧ್ಯಯನ ಟಿಪ್ಪಣಿ

ಆರಡಿ ಎರಡಿಂಚು ಎತ್ತರದವರು ಬೈಕ್ ನೋಡಲು ಹೋದರೆ ಮೊದಲು ಕೇಳುವುದು ಸೀಟಿನ ಎತ್ತರ. ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನ ಸೀಟು 825 ಮಿ.ಮೀ., ಅದರ ಪ್ರೊ ಮಾದರಿಯದು 891, ರಾಯಲ್ ಎನ್‌ಫೀಲ್ಡ್‌ನ ಹಳೆಯ ಹಿಮಾಲಯನ್ 411ರದು 800. ಈ ಅಂಕಿ ನೆಲದಿಂದ ಸೀಟಿನವರೆಗಿನ ಅಳತೆ. ಕಾಲು ನೆಲಕ್ಕೆ ಮುಟ್ಟುತ್ತದೆಯೇ, ಏರಿ ಕೂರುವುದು ಕಷ್ಟವೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಮೊಣಕಾಲು ಎಷ್ಟು ಮಡಚಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ. ಸಸ್ಪೆನ್ಷನ್ ಉದ್ದ ಮಾಡಿ ಬೈಕ್ ಎತ್ತರಿಸಿದರೆ ಸೀಟು, ಫುಟ್‌ರೆಸ್ಟ್ ಎರಡೂ ಒಟ್ಟಿಗೇ ಮೇಲೇರುತ್ತವೆ. ಮೊಣಕಾಲಿಗೆ ಒಂದು ಡಿಗ್ರಿಯೂ ಲಾಭವಿಲ್ಲ, ಸೊಂಟಕ್ಕೆ ಮಾತ್ರ ಏರುವ ಕಷ್ಟ ಹೆಚ್ಚು.

ಎತ್ತರ ಮತ್ತು ವಯಸ್ಸು ಬೈಕಿನಿಂದ ಕೇಳುವುದು ಬೇರೆ ಬೇರೆ. ಉದ್ದ ಕಾಲು ಸೀಟು ಮೇಲೆ ಹೋಗಲಿ ಎನ್ನುತ್ತದೆ. ಬಿಗಿದ ಸೊಂಟದ ಕೀಲು ಕಾಲನ್ನು ಅಷ್ಟೆತ್ತರ ಎತ್ತಲಾರೆ ಎನ್ನುತ್ತದೆ. ಕುಳಿತಲ್ಲಿಂದ ಎದ್ದು ನಿಲ್ಲುವಾಗ ನೋಯುವ ಮೊಣಕಾಲಿಗಾದರೋ ಸೀಟು ಎತ್ತರವಿದ್ದಷ್ಟೂ ಒಳ್ಳೆಯದು, ಏಕೆಂದರೆ ಏಳುವ ದೂರ ಕಡಿಮೆಯಾಗುತ್ತದೆ. ಈ ಮೂರನ್ನೂ ಸಂಭಾಳಿಸುವುದು ಒಂದೇ ಭಾಗದಿಂದ ಆಗದು. ಫುಟ್‌ರೆಸ್ಟ್ ಸ್ವಲ್ಪ ಕೆಳಗೆ, ಸೀಟಿನ ನಡುಭಾಗ ಸ್ವಲ್ಪ ಮೇಲೆ, ಹಿಂಬದಿ ಇದ್ದಷ್ಟೇ. ಇವಾದ ಮೇಲೆಯೇ ಹ್ಯಾಂಡಲ್. ಹ್ಯಾಂಡಲಿನಿಂದ ಶುರು ಮಾಡಿದವರು ಅದನ್ನು ಎರಡು ಸಲ ಮಾಡಬೇಕಾಗುತ್ತದೆ: ಫುಟ್‌ರೆಸ್ಟ್ 20 ಮಿ.ಮೀ. ಕೆಳಗಿಳಿದರೆ ನಿಂತಾಗ ಭುಜವೂ ಅಷ್ಟೇ ಇಳಿಯುತ್ತದೆ.

ಅಳತೆ

ಸವಾರಿಗೆ ಹಾಕುವ ಬೂಟು, ಮೊಣಕಾಲಿನ ಗಾರ್ಡ್ ತೊಟ್ಟುಕೊಂಡೇ ಅಳೆಯಿರಿ. ಬೂಟಿನ ಅಡಿ ದಪ್ಪವಿದ್ದರೆ ಚಪ್ಪಲಿಯಲ್ಲಿ ತೆಗೆದ ಲೆಕ್ಕ ಸುಳ್ಳಾಗುತ್ತದೆ. ಬೈಕನ್ನು ನೇರ ನಿಲ್ಲಿಸಿ ಒಬ್ಬರು ಹಿಡಿಯಲಿ, ನೀವು ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಕೂರಿ, ಇನ್ನೊಬ್ಬರು ಮೂರು ನಾಲ್ಕು ಮೀಟರ್ ದೂರದಿಂದ, ಸೀಟಿನ ಮಟ್ಟಕ್ಕೆ ಮೊಬೈಲ್ ಹಿಡಿದು ಪಕ್ಕದ ಫೋಟೋ ತೆಗೆಯಲಿ. ಸೊಂಟದ ಕೀಲು, ಮೊಣಕಾಲು, ಹಿಮ್ಮಡಿಯ ಗಂಟು ಈ ಮೂರು ಬಿಂದು ಸೇರಿಸಿ ಮೊಣಕಾಲಿನಲ್ಲಾಗುವ ಕೋನ ಅಳೆದರೆ ಸಾಕು. 80 ಡಿಗ್ರಿಗಿಂತ ಕಡಿಮೆ ಇದ್ದರೆ ಸವೆದ ಮೊಣಕಾಲಿಗೆ ಅದು ತ್ರಾಸು. 90ರ ಹತ್ತಿರ ಬಂದರೆ ಸಮಾಧಾನ.

ಎಷ್ಟು ಬದಲಿಸಿದರೆ ಎಷ್ಟು ಸಿಗುತ್ತದೆ? ತೊಡೆ 48 ಸೆಂ.ಮೀ., ಮೊಣಕಾಲಿನಿಂದ ಹಿಮ್ಮಡಿ ಗಂಟಿಗೆ 46 ಎಂದಿಟ್ಟುಕೊಳ್ಳಿ. ಕೋನ 80 ಡಿಗ್ರಿ ಇದ್ದಾಗ ಸೊಂಟದಿಂದ ಗಂಟಿಗೆ ನೇರ ದೂರ 60.4 ಸೆಂ.ಮೀ., 90 ಆದಾಗ 66.5. ಅಂದರೆ ಹತ್ತು ಡಿಗ್ರಿಗೆ ಸುಮಾರು 6 ಸೆಂ.ಮೀ. ಬೇಕು, ಒಂದು ಸೆಂಟಿಮೀಟರಿಗೆ ಒಂದೂವರೆ ಡಿಗ್ರಿ ಚಿಲ್ಲರೆ. ಫುಟ್‌ರೆಸ್ಟಿನಲ್ಲಿ 20, ಸೀಟಿನಲ್ಲಿ 30 ಮಿ.ಮೀ. ಸೇರಿದರೆ ಹೆಚ್ಚೆಂದರೆ ಎಂಟು ಡಿಗ್ರಿ. ಕಾಲು ಪೂರ್ತಿ ಲಂಬವಾಗಿ ಇಳಿಯದ ಕಾರಣ ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಈ ಲೆಕ್ಕ ಗೊತ್ತಿದ್ದರೆ ಬರೀ 10 ಮಿ.ಮೀ. ಇಳಿಸುವ ದುಬಾರಿ ಸಾಮಾನಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಫುಟ್‌ರೆಸ್ಟ್

ಪುಕ್ಕಟೆ ಕೆಲಸ ಮೊದಲು: ರಬ್ಬರ್ ಕುಶನ್ ಇದ್ದರೆ ತೆಗೆದುಬಿಡಿ. ಪಾದ ಕೆಲವು ಮಿ.ಮೀ. ಕೆಳಗಿಳಿಯುತ್ತದೆ, ಕೆಳಗಿನ ಹಲ್ಲು ಬೂಟನ್ನು ಹಿಡಿಯುತ್ತದೆ. ಆಮೇಲೆ 55–60 ಮಿ.ಮೀ. ಅಗಲದ ಫುಟ್‌ರೆಸ್ಟ್. ದೊಡ್ಡ ಪಾದದವರಿಗೆ ಈ ಅಗಲ ಐಷಾರಾಮವಲ್ಲ. ಕಿರಿದಾದದ್ದರ ಮೇಲೆ ಅರ್ಧ ಗಂಟೆ ನಿಂತರೆ ಭಾರವೆಲ್ಲ ಅಂಗಾಲಿನ ಒಂದು ಗೆರೆಯ ಮೇಲೆ ಬಿದ್ದು ಪಾದ ಜೋಮು ಹಿಡಿಯುತ್ತದೆ.

ಇಳಿಸುವುದು 20 ಮಿ.ಮೀ. ಸಾಕು. ನವಲಗುಂದ, ನರಗುಂದ, ಗದಗದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದ ದಾರಿಗಳಲ್ಲಿ ಮಳೆಗಾಲದಲ್ಲಿ ಬಿದ್ದ ಚಕ್ಕಡಿ, ಟ್ರಾಕ್ಟರ್ ಜಾಡು ಬೇಸಿಗೆಗೆ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಆಳದ ಜಾಡಿನಲ್ಲಿ ತಗ್ಗಿದ ಫುಟ್‌ರೆಸ್ಟ್ ಅಂಚಿಗೆ ತಾಗಿದರೆ ಪಾದ ಹಿಂದಕ್ಕೆ ಎಳೆದು ಗಂಟು ತಿರುಚುತ್ತದೆ. ಕಲಘಟಗಿ, ಅಳ್ನಾವರದ ಕಡೆ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಷ್ಟೇ ಓಡಿಸುವವರಿಗೆ ಈ ಚಿಂತೆ ಕಡಿಮೆ. ತಳ ತೆರೆದ ಫುಟ್‌ರೆಸ್ಟನ್ನೇ ಆರಿಸಿ. ಹಸಿ ಎರೆ ಹಲ್ಲುಗಳ ನಡುವೆ ತುಂಬಿದರೆ ಬೂಟು ಜಾರುತ್ತದೆ, ಸ್ಪ್ರಿಂಗಿನಲ್ಲಿ ಸಿಕ್ಕಿದರೆ ಮಡಚಿದ ಫುಟ್‌ರೆಸ್ಟ್ ವಾಪಸ್ ಬರುವುದಿಲ್ಲ.

ಬ್ರಾಕೆಟ್ ಉದ್ದವಾದಷ್ಟೂ ಚಾಸಿಯ ಬೋಲ್ಟಿನ ಮೇಲೆ ಬಾಗಿಸುವ ಬಲ ಹೆಚ್ಚು. 95 ಕೆ.ಜಿ. ತೂಕದವರು ಒಂದು ಸಣ್ಣ ದಿಬ್ಬ ಹಾರಿ ಇಳಿದಾಗ ಅದು ಗೊತ್ತಾಗುತ್ತದೆ. ಹಾಗಾಗಿ ಬೋಲ್ಟ್ ಹಾಕಿ ಕೂಡಿಸುವ ಬ್ರಾಕೆಟ್ ಆಗಲಿ. ಚಾಸಿ ಕತ್ತರಿಸಿ ವೆಲ್ಡ್ ಮಾಡಿಸುವುದು ಬೇಡ. ಬಲವೂ ಹೋಗುತ್ತದೆ, ವಾಹನದ ಮಾರ್ಪಾಡಿನ ಬಗೆಗಿನ ಮೋಟಾರು ವಾಹನ ಕಾಯ್ದೆಯ ಕಲಂ 52ರ ತಕರಾರೂ ಬರುತ್ತದೆ. ಕೂಡಿಸಿದ ಮೇಲೆ ಕಿಕ್ಕರ್ ಇದ್ದರೆ ಪೂರ್ತಿ ಇಳಿಯುತ್ತದೆಯೇ, ಸೈಡ್ ಸ್ಟ್ಯಾಂಡ್ ಮಡಚುತ್ತದೆಯೇ ನೋಡಿ.

ಸೀಟು

ತಗ್ಗು ಇರುವ ಸೀಟು ಎತ್ತರದವರಿಗೆ ಶತ್ರು. ಒಂದೇ ಜಾಗದಲ್ಲಿ ಹಿಡಿದು ಕೂರಿಸುತ್ತದೆ, ಮುಂದೆ ಹಿಂದೆ ಸರಿಯಲು ಬಿಡುವುದಿಲ್ಲ. ಆ ತಗ್ಗನ್ನು ತುಂಬಿ ಸಪಾಟು ಮಾಡಿದರೇ ಅರ್ಧ ಕೆಲಸ ಮುಗಿಯಿತು. ಕುಶನ್ ಅಂಗಡಿಯವರಿಗೆ ಬರೀ “ಎತ್ತರ ಮಾಡ್ರಿ” ಎಂದರೆ ಮೆತ್ತನೆಯ ಫೋಮ್ ಹಾಕಿಬಿಡುತ್ತಾರೆ. ಕೂತೊಡನೆ ಅದು ಚಪ್ಪಟೆಯಾಗಿ ಎತ್ತರವೂ ಇಲ್ಲ, ಸುಖವೂ ಇಲ್ಲ. ಹೀಗೆ ಹೇಳಿ: ಕಂಪನಿಯ ಫೋಮ್ ಇರಲಿ, ಅದರ ಮೇಲೆ ಘನ ಮೀಟರಿಗೆ 100 ಕೆ.ಜಿ. ಆಸುಪಾಸಿನ ರೀಬಾಂಡೆಡ್ ಫೋಮ್ (ಫೋಮ್ ಚೂರು ಒತ್ತಿ ಅಂಟಿಸಿದ ಗಟ್ಟಿ ಹಾಳೆ) 25–30 ಮಿ.ಮೀ., ಎಲ್ಲಕ್ಕೂ ಮೇಲೆ 8–10 ಮಿ.ಮೀ. ಮೆತ್ತನೆಯದು. ಸಿಂಥೆಟಿಕ್ ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಒಣಗಿದ ಮೇಲೆ ಒತ್ತಬೇಕು. ಕವರಿನ ಕೆಳಗೆ ಒಂದು ಪಾಲಿಥಿನ್ ಹಾಳೆ ಬೇಕು, ಕೂರುವ ಜಾಗದಲ್ಲಿ ಹೊಲಿಗೆ ಬೇಡ; ಹೊಲಿಗೆಯಲ್ಲಿ ಇಳಿದ ಮಳೆನೀರು ಫೋಮಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಟ್ಯಾಂಕಿನ ಹತ್ತಿರ ಸೀಟು ಕಿರಿದಾಗಿ, ಅಂಚು ಗುಂಡಗೆ ಇರಲಿ. ಚೌಕ ಅಂಚು ತೊಡೆಯ ಒಳಬದಿಗೆ ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ.

ಕಾಲು ಎತ್ತಿ ದಾಟಿಸಬೇಕಾದ್ದು ಸೀಟಿನ ನಡುಭಾಗವನ್ನಲ್ಲ, ಹಿಂಬದಿಯನ್ನು. ಅಲ್ಲಿ ಲಗೇಜ್ ರಾಕ್, ಅದರ ಮೇಲೊಂದು ಬ್ಯಾಗ್ ಇಟ್ಟುಕೊಂಡು “ಸೀಟು ಎತ್ತರ ಆತು” ಎಂದು ಗೊಣಗುವವರು ಬಹಳ. ಬ್ಯಾಗನ್ನು ಕೊನೆಗೆ ಕಟ್ಟಿ, ಅಥವಾ ಎರಡು ಪಕ್ಕಕ್ಕೆ ಇಳಿಬಿಡಿ. ಆದರೂ ಕಷ್ಟವೆಂದರೆ ಮುಂದಿನ ಬ್ರೇಕ್ ಹಿಡಿದು, ಎಡ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಏರುವುದು. ಆಗ ಪೂರ್ತಿ ಭಾರ ಸೈಡ್ ಸ್ಟ್ಯಾಂಡಿನ ಮೇಲೆ ಬೀಳುವುದರಿಂದ ಅದರ ಪಿವೋಟ್ ಬೋಲ್ಟ್ ಆಗಾಗ ನೋಡಬೇಕು, ಸ್ಟ್ಯಾಂಡಿನ ಪಾದಕ್ಕೆ ಅಗಲ ತಗಡು ಹಾಕಿಸಬೇಕು. ಎರೆಯಲ್ಲಿ ಬರಿ ಸ್ಟ್ಯಾಂಡ್ ಇಳಿದು ಬೈಕ್ ಸವಾರನ ಸಮೇತ ಎಡಕ್ಕೆ ಉರುಳುತ್ತದೆ.

ಹ್ಯಾಂಡಲ್

ಹ್ಯಾಂಡಲನ್ನು ನಿಂತು ಹೊಂದಿಸಬೇಕು. ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲು ಸ್ವಲ್ಪ ಸಡಿಲಿಸಿ, ದೂರ ನೋಡಿ, ಕೈ ಚಾಚಿ. ಬೆನ್ನು ಗೂನು ಮಾಡದೆ, ಮೊಣಕೈ ಸ್ವಲ್ಪ ಮಡಚಿದಂತೆ ಹಿಡಿಕೆ ಸಿಗಬೇಕು. ಬೆರಳು ಸಡಿಲ ಬಿಟ್ಟು ನೋಡಿ: ದೇಹ ಮುಂದಕ್ಕೆ ಬಿದ್ದು ಅಂಗೈ ಮೇಲೆ ಭಾರ ಬಂದರೆ ಹ್ಯಾಂಡಲ್ ತಗ್ಗು ಅಥವಾ ದೂರ. ಹಿಂದಕ್ಕೆ ಬೀಳದಿರಲು ಜೋತುಬೀಳಬೇಕಾದರೆ ತೀರಾ ಎತ್ತರ ಅಥವಾ ಹತ್ತಿರ.

ರೈಸರ್ (ಹ್ಯಾಂಡಲ್ ಎತ್ತರಿಸಲು ಅದರ ಕೆಳಗೆ ಕೂಡಿಸುವ ತುಂಡು) ಹಾಕುವವರು ಮರೆಯುವುದು ಒಂದು ಜ್ಯಾಮಿತಿ. ರೈಸರ್ ನೆಟ್ಟಗೆ ಮೇಲೇರುವುದಿಲ್ಲ; ಸ್ಟೀರಿಂಗ್ ಕಾಂಡದ ಓರೆಯಲ್ಲೇ ಏರುತ್ತದೆ. ಓರೆ 27 ಡಿಗ್ರಿ ಇದ್ದರೆ 30 ಮಿ.ಮೀ. ರೈಸರ್ ಹ್ಯಾಂಡಲನ್ನು ಸುಮಾರು 27 ಮಿ.ಮೀ. ಮೇಲೆ, 14 ಮಿ.ಮೀ. ಹಿಂದೆ ತರುತ್ತದೆ. ಉದ್ದ ತೋಳಿನವರಿಗೆ ಹಿಂದೆ ಬರುವುದೇ ಬೇಡದ ಭಾಗ. ಮುಂದಕ್ಕೆ ಆಫ್‌ಸೆಟ್ ಇರುವ ರೈಸರ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲವಾದರೆ ಹ್ಯಾಂಡಲನ್ನು ಸ್ವಲ್ಪ ಮುಂದಕ್ಕೆ ತಿರುಗಿಸಬಹುದು, ಆದರೆ ಅದರ ಏರು ಭಾಗ ಮುಂದಿನ ಫೋರ್ಕಿಗೆ ಹೆಚ್ಚುಕಡಿಮೆ ಸಮಾನಾಂತರ ಇರುವಷ್ಟೇ. ತನ್ನತ್ತ ಎಳೆದುಕೊಂಡರೆ ಹಿಡಿಕೆಯ ತುದಿ ಕೆಳಗೆ ಬಾಗಿ ಮಣಿಕಟ್ಟು ತಿರುಚುತ್ತದೆ. ಎತ್ತರ ಅತಿಯಾದರೂ ಕುಳಿತಾಗ ಮುಂದಿನ ಚಕ್ರದ ಮೇಲೆ ಭಾರ ಇಲ್ಲದಾಗಿ ಗರಸಿನ ತಿರುವಿನಲ್ಲಿ ಮುಂದಿನ ಟಯರ್ ಜಾರುತ್ತದೆ.

ಹುಬ್ಬಳ್ಳಿಯ ಗೋಕುಲ ರೋಡಿನ ಲೇತ್‌ಗಳಲ್ಲಿ ರೈಸರ್ ಮಾಡಿಸುವುದಾದರೆ 6061 ಅಥವಾ 6082 ಟಿ6 ಅಲ್ಯೂಮಿನಿಯಂ, ಒಂದೇ ತುಂಡು. ವಾಷರ್ ಪೇರಿಸಿ ಎತ್ತರಿಸುವುದು ಬೇಡವೇ ಬೇಡ. ಹ್ಯಾಂಡಲಿನ ವ್ಯಾಸ ಮೊದಲು ಅಳೆಯಿರಿ: ಸಾಮಾನ್ಯದ್ದು 22.2 ಮಿ.ಮೀ., ನಡುವೆ ದಪ್ಪ ಇರುವ ಟೇಪರ್ ಹ್ಯಾಂಡಲಿನದು ಕ್ಲಾಂಪಿನಲ್ಲಿ 28.6. ರೈಸರ್ ಎಷ್ಟು ಎತ್ತರವೋ ಬೋಲ್ಟ್ ಅಷ್ಟೇ ಉದ್ದ ಹೆಚ್ಚಬೇಕು. ಎಂ8 ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ ಕನಿಷ್ಠ 12 ಮಿ.ಮೀ. ಥ್ರೆಡ್ ಹಿಡಿತ ಇರಲಿ, ತಲೆಯ ಮೇಲೆ ಬಲದ ದರ್ಜೆ ಹೇಳುವ 8.8 ಅಥವಾ 10.9 ಎಂಬ ಅಂಕಿ ಇರಲಿ. ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಸಾಮಾನ್ಯವಾಗಿ ಅಷ್ಟು ಗಟ್ಟಿಯಲ್ಲ. ಎಂ8ಕ್ಕೆ 20–25 ನ್ಯೂಟನ್ ಮೀಟರ್ ಬಿಗಿತ ವಾಡಿಕೆ. ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದ್ದರೆ ಅದೇ ಸರಿ.

ಇನ್ನು ಕೇಬಲ್. ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ. ಆರ್‌ಪಿಎಂ ತಾನಾಗಿ ಏರಿದರೆ ಎಕ್ಸಲೇಟರ್ ಕೇಬಲ್ ಬಿಗಿಯಾಗಿದೆ. ಸಂದಿಯಲ್ಲಿ ಯು-ಟರ್ನ್ ಹೊಡೆಯುವಾಗ ಬೈಕ್ ತಾನೇ ನುಗ್ಗುತ್ತದೆ. ಕ್ಲಚ್ ಆಟ, ಬ್ರೇಕ್ ಪೈಪು, ಸ್ವಿಚ್ಚಿನ ವೈರು ಎರಡೂ ತುದಿಯಲ್ಲಿ ಎಳೆಯುತ್ತಿವೆಯೇ ನೋಡಿ. ಅನೇಕ ಬೈಕುಗಳಲ್ಲಿ 20–30 ಮಿ.ಮೀ.ವರೆಗೆ ಕೇಬಲಿನ ದಾರಿ ಬದಲಿಸಿದರೆ ಸಾಕಾಗುತ್ತದೆ, ಅದರ ಮೇಲೆ ಉದ್ದ ಕೇಬಲ್, ಪೈಪು ಬೇಕು.

ಲಿವರ್, ಪೆಡಲ್

ಲಿವರ್‌ಗಳು ನಿಂತಾಗ ಮುಂಗೈಯ ನೇರಕ್ಕೆ ಬರಲಿ, ಸುಮಾರಾಗಿ 20–30 ಡಿಗ್ರಿ ಕೆಳಮುಖ. ಹೆಬ್ಬೆರಳ ಬುಡದ ಕೀಲು ನೋಯುವವರು ತಾವೇ ದಪ್ಪ ಹಿಡಿಕೆ ಹಾಕಿಕೊಳ್ಳುತ್ತಾರೆ; ಅತಿ ದಪ್ಪವಾದರೆ ಹಿಡಿತಕ್ಕೆ ಹೆಚ್ಚು ಬಲ ಬೇಕಾಗಿ ನೋವು ಏರುತ್ತದೆ. ಮುಷ್ಟಿ ಹಿಡಿದಾಗ ಬೆರಳತುದಿ ಅಂಗೈಗೆ ಚುಚ್ಚದೆ, ಹತ್ತಿರ ಬಂದು ನಿಂತರೆ ಅದೇ ಅಳತೆ. ಕ್ಲಚ್ ಗಟ್ಟಿಯೆನಿಸಿದರೆ ಮೊದಲು ಕೇಬಲ್ ಬದಲಿಸಿ ಅಥವಾ ಎಣ್ಣೆ ಬಿಡಿ.

ಫುಟ್‌ರೆಸ್ಟ್ ಇಳಿಸಿದ ಮೇಲೆ ಹಿಂದಿನ ಬ್ರೇಕ್ ಪೆಡಲ್ ಅಷ್ಟೇ ಇಳಿಯಬೇಕು. ಬಿಟ್ಟರೆ ನಿಂತಾಗ ಬೂಟು ತಿಳಿಯದೆ ಪೆಡಲ್ ಒತ್ತುತ್ತಿರುತ್ತದೆ, ಡಿಸ್ಕ್ ಕಾಯುತ್ತದೆ, ಘಟ್ಟ ಇಳಿಯುವಾಗ ಬ್ರೇಕೇ ಇರುವುದಿಲ್ಲ. ಇಳಿಸಿದ ನಂತರ ಪೆಡಲಿಗೆ ಸ್ವಲ್ಪ ಆಟ ಉಳಿದಿದೆಯೇ, ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿ. ಗೇರ್ ಲಿವರನ್ನು ಶಾಫ್ಟಿನ ಹಲ್ಲಿನಲ್ಲಿ ಒಂದೊಂದೇ ಹಲ್ಲು ಸರಿಸಿ. ದೊಡ್ಡ ಬೂಟಿನವರಿಗೆ ಉದ್ದದ ಲಿವರೇ ಬೇಕಾದೀತು.

ಸ್ಪ್ರಿಂಗ್

“ಶಾಕಪ್ ಟೈಟ್ ಮಾಡಿದ್ರ ಆತ್ರೀ” ಎಂಬುದು ಗ್ಯಾರೇಜಿನ ಸಿದ್ಧ ಉತ್ತರ. ಟೈಟ್ ಮಾಡುವ ಮುಂಚೆ ಅಳೆಯಿರಿ. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ನೇರ ಮೇಲೆ ಟೇಲ್ ಮೇಲಿನ ಒಂದು ಗುರುತಿಗೆ ಅಳತೆ. ಆಮೇಲೆ ಬರೀ ಬೈಕ್ ನೆಲದ ಮೇಲೆ ನಿಂತಾಗ. ಕೊನೆಗೆ ಸವಾರ ಪೂರ್ತಿ ಗೇರು ತೊಟ್ಟು ಕೂತಾಗ. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ಸವಾರನ ಭಾರಕ್ಕೆ ಕುಸಿದದ್ದು ಸಿಗುತ್ತದೆ. ಅದು ಸಸ್ಪೆನ್ಷನ್ನಿನ ಒಟ್ಟು ಚಲನೆಯ 30–33 ಪ್ರತಿಶತ ಇರಲಿ. ಎಕ್ಸ್‌ಪಲ್ಸ್ 200 4ವಿಗೆ ಹಿಂದೆ 170 ಮಿ.ಮೀ. ಚಲನೆ ಇರುವುದರಿಂದ 51–56 ಮಿ.ಮೀ. ಇದಕ್ಕಿಂತ ಹೆಚ್ಚು ಕುಸಿದರೆ ಹಿಂಬದಿ ತಗ್ಗಿ, ಮುಂದಿನ ಫೋರ್ಕ್ ಓರೆಯಾಗಿ, ಕಷ್ಟಪಟ್ಟು ಕೂಡಿಸಿದ ಹ್ಯಾಂಡಲ್ ಮತ್ತೆ ಹಿಂದೆ ಸರಿದಂತೆ ಆಗುತ್ತದೆ.

ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿತ) ಬಿಗಿ ಮಾಡಿ ಈ ಅಂಕಿ ತಂದ ಮೇಲೆ ಎರಡನೆಯ ಅಳತೆಗೆ ಬನ್ನಿ. ಬರೀ ಬೈಕಿನ ಭಾರಕ್ಕೆ ಒಟ್ಟು ಚಲನೆಯ ಹತ್ತನೇ ಒಂದು ಪಾಲಾದರೂ ಕುಸಿಯಬೇಕು. ಕುಸಿಯುವುದೇ ಇಲ್ಲವೆಂದರೆ ಆ ಅಂಕಿ ತರಲು ಅತಿಯಾಗಿ ಬಿಗಿಯಬೇಕಾಯಿತು, ಅಂದರೆ ಸ್ಪ್ರಿಂಗ್ ಈ ಭಾರಕ್ಕೆ ಮೆತ್ತಗಾಯಿತು. ಎಷ್ಟು ಟೈಟ್ ಮಾಡಿದರೂ ಪ್ರಯೋಜನವಿಲ್ಲ, ಗಟ್ಟಿ ಸ್ಪ್ರಿಂಗೇ ಬೇಕು. ಮೆತ್ತನೆಯದನ್ನು ಬಿಗಿದು ಓಡಿಸಿದರೆ ಸಣ್ಣ ಕುಣಿಗೆ ಕಲ್ಲಿನಂತೆ ಹೊಡೆದು, ದೊಡ್ಡ ಕುಣಿಗೆ ತಳ ಮುಟ್ಟಿ, ಎರಡೂ ಏಟು ಸವಾರನ ನಡಕ್ಕೇ ಬೀಳುತ್ತವೆ.

ನೋವು ಎಲ್ಲಿ ಎಂಬುದರಿಂದ ಪತ್ತೆ

ಒಂದು ಗಂಟೆ ಓಡಿಸಿ, ಕಾಲುಭಾಗವಾದರೂ ನಿಂತು. ಮಣಿಕಟ್ಟು ನೊಂದರೆ ಲಿವರ್ ಕೋನ ಅಥವಾ ಹ್ಯಾಂಡಲಿನ ತಿರುವು. ಎರಡು ಭುಜದ ನಡುವೆ ಉರಿ ಬಂದರೆ ಹ್ಯಾಂಡಲ್ ತೀರಾ ಅಗಲ ಇರಬಹುದು. ಒಂದೊಂದು ಬದಿ 5 ಮಿ.ಮೀ. ಮಾತ್ರ ಕತ್ತರಿಸಿ ನೋಡುವುದು, ಕತ್ತರಿಸಿದ್ದು ವಾಪಸ್ ಬರುವುದಿಲ್ಲ. ನಡ ನೊಂದರೆ ನಿಂತಾಗ ಬಾಗುತ್ತಿದ್ದೀರಿ. ಮೊಣಕಾಲಿನ ಮುಂಭಾಗ ನೊಂದರೆ ಕುಳಿತು ಏಳುವ ದೂರ ಇನ್ನೂ ಹೆಚ್ಚಿದೆ. ಕುತ್ತಿಗೆ ಮಾತ್ರ ನೊಂದರೆ ಬೈಕ್ ಬಿಟ್ಟು ಚಾಳೀಸು ನೋಡಿ: ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಗಾಜಿನ ಕೆಳಭಾಗ ಹತ್ತಿರ ಓದುವುದಕ್ಕೆ. ಮುಂದಿನ ಚಕ್ರದೆದುರಿನ ಜಾಡು ಅದರಲ್ಲಿ ಮಸುಕಾಗುವುದರಿಂದ ಸವಾರ ಗದ್ದ ತಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡುತ್ತ ಹೋಗುತ್ತಾನೆ. ಸವಾರಿಗೆಂದೇ ಬರೀ ದೂರದ ನಂಬರಿನ ಒಂದು ಚಾಳೀಸು ಮಾಡಿಸಿದರೆ ರೈಸರಿಗಿಂತ ಅಗ್ಗ.